ಚಿನ್ನದ ಲೇಪಕ್ಕಿಂತ ಬಿಗಿಯಾದ ಹಿಡಿತ: ಮನೆಯ ಆಡಿಯೋ ಕೇಬಲ್‌ಗಳ ಕನೆಕ್ಟರ್ ಆರಿಸುವ, ಜೋಡಿಸುವ, ಕಾಪಾಡುವ ಬಗೆ

ಮಲ್ಪೆಯ ಕಡಲತೀರಕ್ಕೆ ಹತ್ತಿರವಿರುವ ಅಕ್ಕನ ಮನೆಯಲ್ಲಿ, ಎರಡು ಮಳೆಗಾಲ ಕಂಡಿದ್ದ ಸ್ಟೀರಿಯೊ ಆಂಪ್ಲಿಫೈಯರ್ ಒಂದು ದಿನ ಎಡಗಡೆಯ ಸ್ಪೀಕರಿನಲ್ಲಿ ಗುಂಯ್‌ಗುಡತೊಡಗಿತು. ಹಾಡು ಜೋರಾಗಿರುವಾಗ ಅದು ತಿಳಿಯುತ್ತಿರಲಿಲ್ಲ. ಆಲಾಪನೆಯ ನಡುವೆ ಗಾಯಕರು ಉಸಿರು ತೆಗೆದುಕೊಂಡು ತಂಬೂರಿಯ ಶ್ರುತಿ ಮಾತ್ರ ಉಳಿದಾಗ ಸ್ಪಷ್ಟವಾಗಿ ಕೇಳುತ್ತಿತ್ತು. ರಿಪೇರಿಗೆ ಹೊರಡುವ ಮುನ್ನ ಹಿಂಬದಿಯ ಆರ್‌ಸಿಎ ಪ್ಲಗ್ಗನ್ನು (ನಡುವೆ ಒಂದು ಪಿನ್, ಸುತ್ತ ಲೋಹದ ಬಳೆ ಇರುವ ಆಡಿಯೋ ಪ್ಲಗ್ಗನ್ನು) ಹಿಡಿದು ಅರ್ಧ ಸುತ್ತು ತಿರುಗಿಸಿದೆ. ಸದ್ದು ನಿಂತಿತು, ಕೈ ಬಿಟ್ಟೊಡನೆ ಮರಳಿತು. ಪ್ಲಗ್ಗನ್ನು ಹೊರತೆಗೆದು ಬೆಳಕಿಗೆ ಹಿಡಿದರೆ ನಡುವಿನ ಪಿನ್ ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ಸುತ್ತುವರಿದ ಹೊರಬಳೆಯ ಒಳಮೈಯಲ್ಲಿ ಮಾತ್ರ ತೆಳುವಾದ ಹಸಿರು ಕಿಲುಬು ಕಟ್ಟಿತ್ತು, ಬಳೆಯ ನಾಲ್ಕು ದಳಗಳು ಸಾಕೆಟ್ಟನ್ನು ಹಿಡಿಯಲಾರದಷ್ಟು ಅಗಲಿದ್ದವು. ಆ ಪ್ಲಗ್ಗಿನ ಪೊಟ್ಟಣದ ಮೇಲೆ ಚಿನ್ನದ ಲೇಪವೆಂದು ದೊಡ್ಡದಾಗಿ ಅಚ್ಚಾಗಿತ್ತು.

ಕನೆಕ್ಟರ್ ತಾನಾಗಿ ಸದ್ದಿಗೆ ಮಾಧುರ್ಯವನ್ನಾಗಲಿ ಆಳವನ್ನಾಗಲಿ ಸೇರಿಸುವುದಿಲ್ಲ. ಅದು ಮಾಡಬಲ್ಲದ್ದು ಕೆಡಿಸುವುದು ಮಾತ್ರ, ಮತ್ತು ಕೆಡಿಸುವಾಗ ಗುಂಯ್‌ಗುಡುವಿಕೆ, ಕರಕರ ಸದ್ದು, ಒಂದು ಬದಿಯ ಧ್ವನಿ ತಗ್ಗುವುದು, ಕೆಲವು ಸ್ವರಗಳು ಮಂಕಾಗುವುದು ಎಂಬ ನಿಶ್ಚಿತ ರೂಪಗಳಲ್ಲೇ ಕೆಡಿಸುತ್ತದೆ. ಕೊಳ್ಳುವಾಗ, ಬೆಸುಗೆ ಹಾಕುವಾಗ, ಮಳೆಗಾಲ ಮುಗಿದ ಮೇಲೆ ಪರೀಕ್ಷಿಸುವಾಗ ಯಾವುದಕ್ಕೆ ಗಮನ ಕೊಡಬೇಕು ಎಂಬುದು ಈ ಮಾತಿನಿಂದಲೇ ಹೊರಡುತ್ತದೆ.

ಲೋಹಕ್ಕೆ ಲೋಹ ತಾಗುವ ಜಾಗ

ಎರಡು ನುಣುಪಾದ ಲೋಹದ ತುಂಡುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಾಗ ಅವು ಇಡೀ ಮೈಗೆ ಮೈ ತಾಗುತ್ತವೆ ಎಂದು ನಮಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಕಣ್ಣಿಗೆ ಕಾಣದ ಉಬ್ಬುಗಳ ತುದಿಗಳಷ್ಟೇ ತಾಗುತ್ತವೆ. ವಿದ್ಯುತ್ತು ಆ ಕೆಲವೇ ಚುಕ್ಕೆಗಳ ಮೂಲಕ ಹಿಂಡಿಕೊಂಡು ದಾಟಬೇಕು. 20ನೇ ಶತಮಾನದ ಮೊದಲ ಅರ್ಧದಲ್ಲಿ ಇದನ್ನು ಆಳವಾಗಿ ಅಧ್ಯಯನ ಮಾಡಿದವರು ಸ್ವೀಡನ್ನಿನ ರಾಗ್ನರ್ ಹೋಲ್ಮ್. ಒತ್ತಡ ಹೆಚ್ಚಿದಂತೆ ಉಬ್ಬುಗಳು ಚಪ್ಪಟೆಯಾಗಿ ಚುಕ್ಕೆಗಳು ಹಿಗ್ಗುತ್ತವೆ, ಸಂಪರ್ಕದ ರೋಧ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಇಳಿಯುತ್ತದೆ. ಕಿಲುಬಿನ ಪೊರೆ ನಡುವೆ ಬಂದರೆ ಚುಕ್ಕೆಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಕನೆಕ್ಟರಿನ ಗುಣವನ್ನು ನಿರ್ಧರಿಸುವ ಮೊದಲ ಸಂಗತಿ ಸ್ಪ್ರಿಂಗಿನ ಬಲ, ಎರಡನೆಯದು ಮೇಲ್ಮೈಯ ಶುದ್ಧತೆ. ಒಳಗಿನ ಲೋಹದ ವಾಹಕತೆ ಬಹಳ ಹಿಂದೆ ಉಳಿಯುವ ಮೂರನೆಯ ಸಂಗತಿ.

ಅಂಗಡಿಯಲ್ಲಿ ಕೇಳುವ ಮಾತುಗಳು ಈ ಕ್ರಮವನ್ನು ತಲೆಕೆಳಗಾಗಿಸುತ್ತವೆ. ತಾಮ್ರದ ವಾಹಕತೆಯನ್ನು 100 ಎಂದಿಟ್ಟುಕೊಂಡರೆ ಬೆಳ್ಳಿಯದು ಸುಮಾರು 105, ಚಿನ್ನದ್ದು 70ರ ಆಸುಪಾಸು, ರೋಡಿಯಂನದು 40ರ ಒಳಗೆ, ಹಿತ್ತಾಳೆಯದು 26ರಿಂದ 28, ಫಾಸ್ಫರ್ ಬ್ರಾಂಜಿನದು ಸುಮಾರು 15. ಅಂದರೆ ಚಿನ್ನ ತಾಮ್ರಕ್ಕಿಂತ ಚೆನ್ನಾಗಿ ವಿದ್ಯುತ್ತನ್ನು ಸಾಗಿಸುವುದಿಲ್ಲ. ಗಾಳಿಯಲ್ಲಿ ಅದು ಕಿಲುಬು ಹಿಡಿಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಮೇಲ್ಲೇಪವಾಗಿ ಬಳಸುತ್ತಾರೆ. ಹಾಗೆಯೇ ಫಾಸ್ಫರ್ ಬ್ರಾಂಜ್ ಮತ್ತು ಬೆರಿಲಿಯಂ ತಾಮ್ರ ವಾಹಕತೆಯಲ್ಲಿ ಹಿಂದಿದ್ದರೂ ಸ್ಪ್ರಿಂಗಿನಂತೆ ಮಣಿದು ಮತ್ತೆ ಮೊದಲಿನ ರೂಪಕ್ಕೆ ಮರಳುವ ಗುಣದಿಂದಾಗಿ ಅತ್ಯುತ್ತಮ ಸಾಕೆಟ್‌ಗಳ ಒಳಗೆ ಇರುತ್ತವೆ. ಶುದ್ಧ ತಾಮ್ರ ಮೆದು. ಅದರ ದಳಗಳು ಹತ್ತು ಬಾರಿ ಹಾಕಿ ತೆಗೆಯುವಷ್ಟರಲ್ಲಿ ಸಡಿಲಾಗುತ್ತವೆ. ಒಂದೂವರೆ ಸೆಂಟಿಮೀಟರ್ ಉದ್ದದ ಹಿತ್ತಾಳೆಯ ಪಿನ್ನಿನ ರೋಧ ಒಂದು ಮಿಲಿಓಮ್‌ಗೂ ಕಡಿಮೆಯಿರುವಾಗ, ಅದನ್ನು ತಾಮ್ರದ್ದಾಗಿಸಿ ಗಳಿಸುವುದು ಏನೂ ಇಲ್ಲ.

ಲೇಪವನ್ನು ಓದುವ ರೀತಿ

ಚಿನ್ನದ ಲೇಪ ಎಂಬ ಎರಡು ಪದಗಳು ಬಹಳ ಬೇರೆ ಬೇರೆ ವಸ್ತುಗಳನ್ನು ಸೂಚಿಸುತ್ತವೆ. ಒಳ್ಳೆಯ ಕೈಗಾರಿಕಾ ಕನೆಕ್ಟರಿನಲ್ಲಿ ಮೊದಲು ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ನಿಕ್ಕಲ್, ಅದರ ಮೇಲೆ ಸುಮಾರು 0.75 ಮೈಕ್ರಾನ್ ಗಟ್ಟಿ ಚಿನ್ನ ಇರುತ್ತದೆ. ಸವೆತ ತಡೆಯಲೆಂದು ಅದರಲ್ಲಿ ಅತಿ ಸ್ವಲ್ಪ ಕೋಬಾಲ್ಟ್ ಅಥವಾ ನಿಕ್ಕಲ್ ಬೆರೆತಿರುತ್ತದೆ. ಅಗ್ಗದ ಪ್ಲಗ್ಗಿನಲ್ಲಿ 0.1 ಮೈಕ್ರಾನಿಗೂ ತೆಳುವಾದ, ಹೆಸರಿಗಷ್ಟೇ ಚಿನ್ನದ ನೀರು ಕೊಟ್ಟ ಲೇಪ ಇರುತ್ತದೆ. ಇಷ್ಟು ತೆಳುವಾದ ಪದರದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ, ಉಪ್ಪುಗಾಳಿ ಆ ರಂಧ್ರಗಳ ಮೂಲಕ ಇಳಿದು ಕೆಳಗಿನ ಹಿತ್ತಾಳೆಯನ್ನು ತಿನ್ನುತ್ತದೆ, ಕಿಲುಬು ಮೇಲಕ್ಕೆ ಉಕ್ಕಿ ಚಿನ್ನವನ್ನೇ ಮುಚ್ಚುತ್ತದೆ. ಅಕ್ಕನ ಮನೆಯಲ್ಲಿ ಆದದ್ದು ಇದೇ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಅಥವಾ ಮುಂಬಯಿ, ಚೆನ್ನೈಯಂಥ ಕಡಲೂರುಗಳಲ್ಲಿ ಇರುವವರು ಲೇಪದ ದಪ್ಪವನ್ನು ತಯಾರಕರ ಮಾಹಿತಿ ಹಾಳೆಯಲ್ಲಿ ನೋಡಿಯೇ ಕೊಳ್ಳಬೇಕು. ಅಂಕಿ ಕೊಡದ ಪ್ಲಗ್ಗಿನ ಹೊಳಪಿಗೆ ಹಣ ತೆರಬಾರದು.

ಬೆಳ್ಳಿಯ ವಿಚಾರ ಸ್ವಲ್ಪ ಸೂಕ್ಷ್ಮ. ಗಾಳಿಯಲ್ಲಿನ ಗಂಧಕದ ಅಂಶದಿಂದ ಅದು ಕಪ್ಪಾಗುತ್ತದೆ, ಪೂಜೆಯ ಬೆಳ್ಳಿ ಸಾಮಾನಿನಲ್ಲಿ ನಾವು ನೋಡುವ ಕಪ್ಪೇ ಅದು. ಸ್ಪೀಕರ್ ವೈರಿನ ಕವಲಿನಾಕಾರದ ತುದಿಯಾದ ಸ್ಪೇಡ್‌ನಂತೆ ಸ್ಕ್ರೂ ಬಿಗಿದು ಬಲವಾಗಿ ಒತ್ತುವ ಕಡೆ ಈ ಪೊರೆ ತೊಂದರೆ ಕೊಡುವುದಿಲ್ಲ. ಮಿಲಿವೋಲ್ಟ್ ಸಂಕೇತ ಸಾಗುವ ಹಗುರ ಹಿಡಿತದ ಪ್ಲಗ್ಗಿನಲ್ಲಿ ಕೊಡಬಹುದು. ರೋಡಿಯಂ ತುಂಬ ಗಟ್ಟಿ, ಸವೆಯುವುದಿಲ್ಲ, ಬೆಲೆಯೂ ಹೆಚ್ಚು. ದಿನವೂ ಹಾಕಿ ತೆಗೆಯುವ ಪ್ಲಗ್ಗಿಗೆ ಹೊರತು ಮನೆಯಲ್ಲಿ ಅದರ ಅಗತ್ಯವನ್ನು ನಾನು ಕಂಡಿಲ್ಲ. ನಿಕ್ಕಲ್ ಲೇಪ ಒಣ ಊರುಗಳಲ್ಲಿ ವರ್ಷಗಟ್ಟಲೆ ಚೆನ್ನಾಗಿಯೇ ನಡೆಯುತ್ತದೆ. ಗಮನಿಸಲೇಬೇಕಾದ ಒಂದು ನಿಯಮವಿದೆ: ತವರದ ಲೇಪವಿರುವ ಸಾಕೆಟ್ಟಿಗೆ ಚಿನ್ನದ ಪ್ಲಗ್ಗನ್ನು ಹಾಕಬಾರದು. ತಾಪದ ಏರಿಳಿತ ಮತ್ತು ಸ್ಪೀಕರಿನ ಕಂಪನದಿಂದ ಎರಡೂ ಮೈಗಳು ಅತಿ ಸೂಕ್ಷ್ಮವಾಗಿ ಉಜ್ಜುತ್ತಿರುವಾಗ ತವರದ ಆಕ್ಸೈಡ್ ಪುಡಿ ಚಿನ್ನದ ಮೇಲೆ ಅಂಟಿ ಸಂಪರ್ಕವನ್ನು ಕೆಡಿಸುತ್ತದೆ.

ಹೊರಬಳೆಯಿಂದ ಗುಂಯ್‌ಗುಡುವಿಕೆ ಬರುವ ಬಗೆ

ಬಹುತೇಕರು ನಡುವಿನ ಪಿನ್ನಿನ ಬಗ್ಗೆ ಚಿಂತಿಸುತ್ತಾರೆ, ಏಕೆಂದರೆ ಸಂಗೀತ ಅದರಲ್ಲಿ ಸಾಗುತ್ತದೆ. ಆದರೆ ಆಂಪ್ಲಿಫೈಯರಿನ ಒಳಬರುವ ತುದಿಯ ಪ್ರತಿರೋಧ ಸಾಮಾನ್ಯವಾಗಿ 10,000 ಓಮ್ ಅಥವಾ ಅದಕ್ಕಿಂತ ಹೆಚ್ಚು. ಪಿನ್ನಿನ ಸಂಪರ್ಕದಲ್ಲಿ 10 ಮಿಲಿಓಮ್ ಬದಲು 1 ಓಮ್ ಇದ್ದರೂ ಕಳೆದುಹೋಗುವುದು ಹತ್ತು ಸಾವಿರದಲ್ಲಿ ಒಂದು ಪಾಲು, ಅದು ಯಾರ ಕಿವಿಗೂ ತಿಳಿಯುವುದಿಲ್ಲ.

ಹೊರಬಳೆಯ ಕಥೆ ಬೇರೆ. ಎರಡು ಉಪಕರಣಗಳ ವಿದ್ಯುತ್ ಟ್ರಾನ್ಸ್‌ಫಾರ್ಮರುಗಳಿಂದ ಸೋರುವ 50 ಹರ್ಟ್ಸ್‌ನ ಸಣ್ಣ ಕರೆಂಟು ಕೇಬಲ್ಲಿನ ಒಳತಂತಿಯನ್ನು ಸುತ್ತುವರಿದು ಹೊರಬಳೆಗೆ ಸೇರುವ ಶೀಲ್ಡ್ ಜಾಲರಿಯ ಮೂಲಕವೇ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ, ಮತ್ತು ಹೊರಬಳೆಯ ರೋಧದಲ್ಲಿ ಅದು ಹುಟ್ಟಿಸುವ ವೋಲ್ಟೇಜು ನೇರವಾಗಿ ಸಂಗೀತದ ಜೊತೆ ಕೂಡಿಕೊಳ್ಳುತ್ತದೆ. ಆ ಕರೆಂಟು 100 ಮೈಕ್ರೋಆಂಪಿಯರ್ ಎಂದಿಟ್ಟುಕೊಳ್ಳೋಣ. ಬಳೆಯ ಸಂಪರ್ಕ ಶುದ್ಧವಾಗಿದ್ದು ಜಾಲರಿಯೂ ಸೇರಿ ರೋಧ 0.1 ಓಮ್ ಇದ್ದರೆ ಹುಟ್ಟುವುದು 10 ಮೈಕ್ರೋವೋಲ್ಟ್. ಸಿಡಿ ಪ್ಲೇಯರಿನ 2 ವೋಲ್ಟ್ ಸಂಕೇತಕ್ಕಿಂತ ಅದು 106 ಡೆಸಿಬೆಲ್ ಕೆಳಗಿರುತ್ತದೆ, ಕೇಳಿಸುವುದೇ ಇಲ್ಲ. ಕಿಲುಬು ಹಿಡಿದು ಬಳೆಯ ರೋಧ 10 ಓಮ್ ಆದರೆ ಹುಟ್ಟುವುದು 1 ಮಿಲಿವೋಲ್ಟ್, ಅಂತರ 66 ಡೆಸಿಬೆಲ್‌ಗೆ ಇಳಿಯುತ್ತದೆ. ಸಂಗೀತದ ಮೆಲ್ಲನೆಯ ಭಾಗಗಳು ಪೂರ್ಣ ಮಟ್ಟಕ್ಕಿಂತ ಎಷ್ಟೋ ಕೆಳಗಿರುವುದರಿಂದ, ನಿಶ್ಶಬ್ದವಾದ ಕೋಣೆಯಲ್ಲಿ ಅದು ಕೇಳಿಸಿಯೇ ತೀರುತ್ತದೆ. ಕನೆಕ್ಟರ್ ಬದಲಿಸಿದ ಮೇಲೆ ಹಿನ್ನೆಲೆ ಕಪ್ಪಾಯಿತು, ಮೌನ ಆಳವಾಯಿತು ಎಂದು ಹೇಳುವವರಲ್ಲಿ ಹಲವರು ಅನುಭವಿಸಿದ್ದು ಈ ಶುದ್ಧವಾದ ಬಳೆಯನ್ನು ಎಂದು ನಾನು ನಂಬುತ್ತೇನೆ. ಹಳೆಯ ಪ್ಲಗ್ಗನ್ನೇ ಒರೆಸಿ ಬಿಗಿ ಮಾಡಿದ್ದರೂ ಅದೇ ಫಲ ಸಿಗುತ್ತಿತ್ತು.

ಈ ಕಾರಣದಿಂದ ಆರ್‌ಸಿಎ ಪ್ಲಗ್ ಕೊಳ್ಳುವಾಗ ಬಳೆಯನ್ನೇ ಮೊದಲು ಪರೀಕ್ಷಿಸಬೇಕು. ಅದರಲ್ಲಿ ಸೀಳುಗಳಿದ್ದು ದಳಗಳು ಸ್ವಲ್ಪ ಒಳಕ್ಕೆ ಬಾಗಿರಬೇಕು. ಸಾಕೆಟ್ಟಿಗೆ ಹಾಕುವಾಗ ಮೃದುವಾದ, ಆದರೆ ಆರಂಭದಿಂದ ಕೊನೆಯವರೆಗೂ ಒಂದೇ ಸಮನಾದ ತಡೆ ಬೆರಳಿಗೆ ತಿಳಿಯಬೇಕು, ಪ್ಲಗ್ಗನ್ನು ಕೆಳಮುಖವಾಗಿ ಹಿಡಿದರೆ ಸಾಕೆಟ್ಟು ಜಾರಿ ಬೀಳಬಾರದು. ಸ್ಕ್ರೂ ತಿರುಗಿಸಿ ಬಳೆಯನ್ನು ಬಿಗಿಗೊಳಿಸುವ ವಿನ್ಯಾಸವೂ ಇದೆ. ಅದು ಹಿಡಿತಕ್ಕೆ ಒಳ್ಳೆಯದಾದರೂ ಅತಿಯಾಗಿ ಬಿಗಿದರೆ ಅಥವಾ ಪ್ಲಗ್ಗಿನ ದೇಹ ತೀರ ಭಾರವಾಗಿದ್ದರೆ ಆಂಪ್ಲಿಫೈಯರಿನ ಸಾಕೆಟ್ಟೇ ಒಳಗಿನ ಬೋರ್ಡಿನಿಂದ ಕಿತ್ತು ಬರುವ ಅಪಾಯವಿದೆ.

ಆರ್‌ಸಿಎ ವಿನ್ಯಾಸಕ್ಕೆ ಹುಟ್ಟಿನಿಂದ ಬಂದ ದೋಷ ಒಂದಿದೆ: ಹಾಕುವಾಗ ನಡುವಿನ ಪಿನ್ ಮೊದಲು ತಾಗುತ್ತದೆ, ಬಳೆ ಆಮೇಲೆ, ತೆಗೆಯುವಾಗ ಬಳೆ ಮೊದಲು ಬಿಡುತ್ತದೆ. ಆ ಕ್ಷಣದಲ್ಲಿ ಆಂಪ್ಲಿಫೈಯರ್ ಚಾಲೂ ಇದ್ದರೆ ಸ್ಪೀಕರಿಗೆ ಭಾರಿ ಪೆಟ್ಟು ಬೀಳುತ್ತದೆ. ಲಿಕ್ಟನ್‌ಸ್ಟೈನ್‌ನ ನ್ಯೂಟ್ರಿಕ್ ಕಂಪನಿ ತನ್ನ ಒಂದು ಆರ್‌ಸಿಎ ಪ್ಲಗ್ಗಿನಲ್ಲಿ ಬಳೆಯನ್ನು ಸ್ಪ್ರಿಂಗಿನ ಮೇಲೆ ಮುಂದಕ್ಕೆ ಚಾಚಿ ಈ ಕ್ರಮವನ್ನು ಸರಿಪಡಿಸಿದೆ. ಉಳಿದ ಪ್ಲಗ್ಗುಗಳ ವಿಷಯದಲ್ಲಿ, ಉಪಕರಣವನ್ನು ಆಫ್ ಮಾಡದೆ ಹಾಕಬೇಡಿ, ತೆಗೆಯಬೇಡಿ. ನಿಮ್ಮ ಎರಡೂ ಉಪಕರಣಗಳಲ್ಲಿ ನಿಜವಾದ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಸಾಕೆಟ್ಟು (ಮೂರು ಪಿನ್ನಿನ ದುಂಡು ಸಾಕೆಟ್ಟು) ಇದ್ದರೆ ಅದನ್ನೇ ಬಳಸಿ: ಸಂಕೇತಕ್ಕೆ ಎರಡು ಪ್ರತ್ಯೇಕ ತಂತಿಗಳಿರುವುದರಿಂದ ಶೀಲ್ಡಿನಲ್ಲಿ ಹರಿಯುವ ಕರೆಂಟು ಸಂಗೀತಕ್ಕೆ ಸೇರುವುದಿಲ್ಲ, ಜೊತೆಗೆ ಚಿಲಕವೂ ಇದೆ.

ಬೆಸುಗೆ ಹಾಕುವಾಗ

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿ ಪ್ಲಗ್ಗುಗಳನ್ನೂ ಮೀಟರಿನ ಲೆಕ್ಕದಲ್ಲಿ ಶೀಲ್ಡೆಡ್ ವೈರನ್ನೂ ಕೊಂಡು ಮನೆಯಲ್ಲೇ ಕೇಬಲ್ ಮಾಡಿಕೊಳ್ಳುವವರು ಮೊದಲು ನೋಡಬೇಕಾದದ್ದು ಪಿನ್ನಿಗೂ ಬಳೆಗೂ ನಡುವಿನ ಅವಾಹಕ ಯಾವುದು ಎಂಬುದನ್ನು. ಟೆಫ್ಲಾನ್ 260 ಡಿಗ್ರಿ ಸೆಲ್ಸಿಯಸ್‌ವರೆಗೆ ಗಟ್ಟಿಯಾಗಿ ನಿಲ್ಲುತ್ತದೆ. ಅಗ್ಗದ ಪ್ಲಗ್ಗುಗಳ ಪಾಲಿಥೀನಿನಂಥ ಪ್ಲಾಸ್ಟಿಕ್ 100 ಡಿಗ್ರಿ ದಾಟಿದೊಡನೆ ಮೆದುವಾಗುತ್ತದೆ, ಬೆಸುಗೆಯ ಬಿಸಿಗೆ ಪಿನ್ ಓರೆಯಾಗುತ್ತದೆ, ಆರಿದ ಮೇಲೆ ಅದು ಅಲ್ಲಾಡುತ್ತಲೇ ಇರುತ್ತದೆ. ಟೆಫ್ಲಾನಿಗೆ ವಿಶೇಷ ನಾದಗುಣವಿದೆ ಎಂಬ ಮಾತಿಗಿಂತ ಬಿಸಿಯನ್ನು ತಡೆಯುವ ಈ ಶಕ್ತಿಯೇ ಅದಕ್ಕೆ ಹೆಚ್ಚು ಹಣ ಕೊಡಲು ಸಾಕಾದ ಕಾರಣ.

ಪ್ಲಗ್ಗಿನ ಹೊರಕವಚವನ್ನು ವೈರಿಗೆ ಮೊದಲೇ ಪೋಣಿಸಿಡಿ. ಬೆಸುಗೆಯಾದ ಮೇಲೆ ಅದು ಒಳಗೆ ಹೋಗುವುದಿಲ್ಲ. ವೈರಿನ ಹೊರಸಿಪ್ಪೆಯನ್ನು ಸುಮಾರು 12 ಮಿಲಿಮೀಟರ್ ಬಿಡಿಸಿ, ಜಾಲರಿಯ ಎಳೆಗಳನ್ನು ಒಂದು ಬದಿಗೆ ಒಟ್ಟುಗೂಡಿಸಿ ಹೊಸೆಯಿರಿ. ಒಂದೇ ಒಂದು ಎಳೆ ದಾರಿ ತಪ್ಪಿ ಪಿನ್ನಿಗೆ ತಾಗಿದರೂ ಆ ಬದಿ ಮೂಕವಾಗುತ್ತದೆ. ಒಳತಂತಿಯನ್ನು 4 ಮಿಲಿಮೀಟರ್ ಬಿಡಿಸಿ ತೆಳುವಾಗಿ ಬೆಸುಗೆ ಹಿಡಿಸಿ. ಪ್ಲಗ್ಗನ್ನು ಹಳೆಯ ಸಾಕೆಟ್ಟೊಂದಕ್ಕೆ ಸಿಕ್ಕಿಸಿಟ್ಟುಕೊಂಡರೆ ಅವಾಹಕ ಸ್ವಲ್ಪ ಮೆದುವಾದರೂ ಪಿನ್ ನೇರವಾಗಿಯೇ ಉಳಿಯುತ್ತದೆ. ಬಳೆಯ ಕಡೆಯ ಹಿತ್ತಾಳೆ ದಪ್ಪವಾಗಿದ್ದು ಬಿಸಿಯನ್ನು ಹೀರುವುದರಿಂದ 25 ವ್ಯಾಟಿನ ಐರನ್ನು ಅಲ್ಲಿ ತಿಣುಕಾಡುತ್ತದೆ; ಅರ್ಧ ನಿಮಿಷ ಒತ್ತಿ ಹಿಡಿದು ಎಲ್ಲವನ್ನೂ ಕರಗಿಸುವ ಬದಲು, 50 ಅಥವಾ 60 ವ್ಯಾಟಿನ ಐರನ್ನನ್ನು 350 ಡಿಗ್ರಿಗೆ ಇಟ್ಟು ಎರಡು ಮೂರು ಸೆಕೆಂಡಿನಲ್ಲಿ ಮುಗಿಸುವುದು ಮೇಲು. 63ಕ್ಕೆ 37ರ ತವರ–ಸೀಸದ ಬೆಸುಗೆ ತಂತಿ 183 ಡಿಗ್ರಿಯಲ್ಲಿ ಕರಗಿ ಅಲ್ಲೇ ಗಟ್ಟಿಯಾಗುವುದರಿಂದ ಹೊಸಬರಿಗೆ ಅದು ಅನುಕೂಲ. ಆರುವಾಗ ಕೈ ಅಲುಗಿದರೆ ಬೆಸುಗೆಯ ಮೈ ಮಂಕಾಗಿ ತರಿತರಿಯಾಗುತ್ತದೆ. ಅಂಥದನ್ನು ಮತ್ತೆ ಕರಗಿಸಿ ಸರಿಪಡಿಸಿ. ಕೊನೆಯಲ್ಲಿ ಕ್ಲಾಂಪಿನ ಕಿವಿಗಳು ವೈರಿನ ಹೊರಸಿಪ್ಪೆಯನ್ನು ಹಿಡಿಯುವಂತೆ ಮಡಿಸಿ, ಎಳೆತ ಬೆಸುಗೆಯ ಮೇಲೆ ಬೀಳಬಾರದು. ಸೀಸವಿರುವ ತಂತಿಯನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರಬೇಡಿ.

ಸ್ಪೀಕರಿನ ತುದಿ

ಇಲ್ಲಿ ಲೆಕ್ಕ ಬದಲಾಗುತ್ತದೆ, ಏಕೆಂದರೆ ಸ್ಪೀಕರಿನ ಪ್ರತಿರೋಧ ಸಾವಿರಗಳಲ್ಲಿಲ್ಲ, 4 ಅಥವಾ 8 ಓಮ್ ಅಷ್ಟೇ, ಅದೂ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಸಡಿಲವಾದ ಸಂಪರ್ಕದಲ್ಲಿ 0.5 ಓಮ್ ರೋಧ ಬಂತೆನ್ನಿ: ಸ್ಪೀಕರ್ 4 ಓಮ್ ತೋರಿಸುವ ಸ್ವರಗಳಲ್ಲಿ ಸುಮಾರು 1 ಡೆಸಿಬೆಲ್ ನಷ್ಟವಾಗುತ್ತದೆ, 20 ಓಮ್ ತೋರಿಸುವ ಸ್ವರಗಳಲ್ಲಿ 0.2 ಡೆಸಿಬೆಲ್ ಮಾತ್ರ. ಹೀಗೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕಳೆದುಹೋದಾಗ ಧ್ವನಿಯ ಬಣ್ಣವೇ ಬದಲಾಗುತ್ತದೆ, ಮೃದಂಗದ ತೊಪ್ಪಿಗೂ ಹಾಡುವ ಕಂಠಕ್ಕೂ ಇದ್ದ ಹದ ತಪ್ಪುತ್ತದೆ. ಕನೆಕ್ಟರ್ ನಿಜವಾಗಿಯೂ ನಾದವನ್ನು ಬದಲಿಸುವ ಜಾಗ ಇದು. ಚೆನ್ನಾಗಿ ಬಿಗಿದ ಸಂಪರ್ಕದ ರೋಧ ಕೆಲವೇ ಮಿಲಿಓಮ್, 1.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು 5 ಮೀಟರ್ ಎಳೆದರೆ ಹೋಗಿ ಬರುವ ದಾರಿಯದ್ದೇ 0.115 ಓಮ್ ಆಗುವುದರಿಂದ, ದುಬಾರಿ ಪ್ಲಗ್ಗಿಗಿಂತ ದಪ್ಪ ವೈರಿಗೆ ಹಣ ಹಾಕುವುದು ಲಾಭಕರ.

ಸ್ಪೀಕರ್ ವೈರಿನ ತುದಿಗೆ ಹಾಕುವ ಕಡ್ಡಿಯಾಕಾರದ ಬನಾನಾ ಪ್ಲಗ್ಗುಗಳಲ್ಲಿ ಹೊಟ್ಟೆಯುಬ್ಬಿದ ಸ್ಪ್ರಿಂಗ್ ಎಲೆಗಳಿರುವುದನ್ನು ಆರಿಸಿ. ಗಟ್ಟಿ ಕಡ್ಡಿಗೆ ಒಂದು ಸೀಳು ಹಾಕಿದಂಥವು ಎರಡೇ ಜಾಗದಲ್ಲಿ ತಾಗುತ್ತವೆ ಮತ್ತು ಬೇಗ ಸಡಿಲಾಗುತ್ತವೆ. ಪ್ಲಗ್ ಬೇಡವೆಂದು ಬರಿಯ ತಂತಿಯನ್ನೇ ಸ್ಕ್ರೂ ಕೆಳಗೆ ಬಿಗಿಯುವುದರಲ್ಲಿ ತಪ್ಪೇನಿಲ್ಲ. ಆದರೆ ಎಳೆಗಳಿಗೆ ಬೆಸುಗೆ ಹಿಡಿಸಿ ಸ್ಕ್ರೂವಿನಡಿ ಇಡಬೇಡಿ. ಬೆಸುಗೆ ಮೆದು ಲೋಹ, ಒತ್ತಡಕ್ಕೆ ನಿಧಾನವಾಗಿ ಹರಡಿ ಕೆಲವು ತಿಂಗಳಲ್ಲಿ ಸಡಿಲಾಗುತ್ತದೆ. ಎಳೆಗಳ ಮೇಲೆ ಲೋಹದ ಕೊಳವೆ ತೊಡಿಸಿ ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿದರೆ ಗಾಳಿ ಒಳನುಗ್ಗದ ಗಟ್ಟಿ ಸಂಪರ್ಕ ಸಿಗುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬನಾನಾ ಪ್ಲಗ್ಗಿನ ದಪ್ಪ 4 ಮಿಲಿಮೀಟರ್. ನಮ್ಮ ಗೋಡೆಯ 6 ಆಂಪಿಯರ್ ಸಾಕೆಟ್ಟಿನ ತೂತುಗಳು ಸುಮಾರು 5 ಮಿಲಿಮೀಟರಿನ ದುಂಡು ಪಿನ್ನಿಗೆಂದು ಮಾಡಿದವು. ಅಂದರೆ ಸ್ಪೀಕರ್ ಕೇಬಲ್ಲಿನ ತುದಿ 230 ವೋಲ್ಟಿನ ಸಾಕೆಟ್ಟಿಗೆ ಸಲೀಸಾಗಿ ಇಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಬನಾನಾ ಪ್ಲಗ್ಗಿರುವ ಕೇಬಲ್ಲನ್ನು ಒಂದು ತುದಿ ಬಿಡುವಾಗಿ ನೆಲದ ಮೇಲೆ ಬಿಡಲೇಬೇಡಿ, ಸಾಕೆಟ್ಟುಗಳಿಗೆ ಒಳಗೆ ಶಟರ್ ಇರುವಂಥವನ್ನೇ ಹಾಕಿಸಿ.

ಟರ್ನ್‌ಟೇಬಲ್ ಇದ್ದರೆ

ರೆಕಾರ್ಡಿನ ಮೇಲೆ ಓಡುವ ಮುಳ್ಳಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವ ಸಂಕೇತ ಸುಮಾರು 5 ಮಿಲಿವೋಲ್ಟ್, ಸಿಡಿ ಪ್ಲೇಯರಿನ 400ರಲ್ಲಿ ಒಂದು ಪಾಲು. ಆದ್ದರಿಂದ ಮೇಲೆ ಹೇಳಿದ ಬಳೆಯ ದೋಷಗಳೆಲ್ಲ ಇಲ್ಲಿ ಅಷ್ಟು ಪಟ್ಟು ದೊಡ್ಡದಾಗಿ ಕೇಳುತ್ತವೆ. ಪ್ರತ್ಯೇಕವಾಗಿ ಬರುವ ತೆಳುವಾದ ಅರ್ಥಿಂಗ್ ತಂತಿಯ ತುದಿಯನ್ನು ಶುದ್ಧಗೊಳಿಸಿ ಬಿಗಿಯುವುದು ಮೊದಲ ಕೆಲಸ. ಇಲ್ಲಿ ಕೇಬಲ್ಲಿನ ಕೆಪಾಸಿಟೆನ್ಸ್ (ವಿದ್ಯುದಾವೇಶವನ್ನು ಹಿಡಿದಿಡುವ ಗುಣ) ಕೂಡ ಲೆಕ್ಕಕ್ಕೆ ಬರುತ್ತದೆ. 500 ಮಿಲಿಹೆನ್ರಿ ಇಂಡಕ್ಟೆನ್ಸಿನ ಕಾರ್ಟ್ರಿಜ್ಜಿಗೆ ಒಟ್ಟು 150 ಪಿಕೊಫ್ಯಾರಡ್ ಭಾರವಿದ್ದರೆ ಅನುರಣನ, ಅಂದರೆ ಸ್ವರ ಉಬ್ಬಿ ಕೇಳುವ ಜಾಗ, 18 ಕಿಲೋಹರ್ಟ್ಸ್ ಸುಮಾರಿಗೆ ಬೀಳುತ್ತದೆ. 300 ಆದರೆ 13 ಕಿಲೋಹರ್ಟ್ಸಿಗೆ ಇಳಿದು ಕೇಳಿಸುವ ವಲಯದೊಳಗೆ ಬರುತ್ತದೆ, ತಾಳದ ಝೇಂಕಾರದಲ್ಲಿ ಅದು ಗೊತ್ತಾಗುತ್ತದೆ. ಪ್ಲಗ್ಗಿನ ಪಾಲು ಕೆಲವೇ ಪಿಕೊಫ್ಯಾರಡ್, ಉಳಿದದ್ದೆಲ್ಲ ವೈರಿನದು. ವೈರನ್ನು ಚಿಕ್ಕದಾಗಿಡಿ.

ಡಿಜಿಟಲ್ ಕೇಬಲ್ಲಿನ ಬಗ್ಗೆ ಒಂದೇ ಮಾತು: ಒಂದೆರಡು ಮೀಟರಿನ ದೂರಕ್ಕೆ 75 ಓಮ್‌ನ ಸಾಧಾರಣ ವೈರು ಮತ್ತು ಗಟ್ಟಿಯಾಗಿ ಕೂರುವ ಪ್ಲಗ್ ಸಾಕು, ಗುಂಯ್‌ಗುಡುವಿಕೆ ಬಿಡದಿದ್ದರೆ ಸಂಕೇತವನ್ನು ಬೆಳಕಾಗಿ ಸಾಗಿಸುವ ಟಾಸ್‌ಲಿಂಕ್ ಆಪ್ಟಿಕಲ್ ಕೇಬಲ್ ಎರಡು ಉಪಕರಣಗಳ ನಡುವಿನ ಲೋಹದ ನಂಟನ್ನೇ ಕಡಿಯುತ್ತದೆ.

ಶುಚಿ ಮತ್ತು ಪರೀಕ್ಷೆ

ಹಿತ್ತಾಳೆಯ ದೀಪಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುವ ಅಭ್ಯಾಸ ನಮ್ಮ ಕೈಯಲ್ಲಿ ಬೇರೂರಿದೆ. ಅದನ್ನು ಪ್ಲಗ್ಗಿಗೆ ತರಬೇಡಿ: ಹುಳಿಯ ಶೇಷ ಸೀಳುಗಳಲ್ಲಿ ಉಳಿದು ಹೊಸ ಕಿಲುಬನ್ನು ಕರೆಯುತ್ತದೆ, ಪಾಲಿಶ್ ಪುಡಿಯಾಗಲಿ ಮರಳುಕಾಗದವಾಗಲಿ ತೆಳು ಲೇಪವನ್ನೇ ಕೆರೆದುಹಾಕುತ್ತದೆ. ಎಲ್ಲವನ್ನೂ ಆಫ್ ಮಾಡಿ, ಪ್ಲಗ್ಗನ್ನು ತಂತಿಯಿಂದಲ್ಲ, ದೇಹದಿಂದ ಹಿಡಿದು ಎಳೆಯಿರಿ. ಶೇಕಡ 99ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯನ್ನು ತೆಳುವಾದ ಮರದ ಕಡ್ಡಿಗೆ ಸುತ್ತಿ ಬಳೆಯ ಒಳಮೈಯನ್ನೂ ಸಾಕೆಟ್ಟಿನ ಹೊರಮೈಯನ್ನೂ ಒರೆಸಿ. ಬಟ್ಟೆ ಹಸಿರು ಅಥವಾ ಕಪ್ಪು ಬಿಡುವುದು ನಿಲ್ಲುವವರೆಗೆ ಬದಲಿಸುತ್ತಿರಿ. ಅಗಲಿದ ದಳಗಳನ್ನು ಮೂಗಿಕ್ಕಳದಿಂದ ಒಂದೊಂದಾಗಿ ಕೂದಲೆಳೆಯಷ್ಟು ಒಳಕ್ಕೆ ಒತ್ತಿ. ಮತ್ತೆ ಹಾಕಿದ ಮೇಲೆ ಎಡಕ್ಕೂ ಬಲಕ್ಕೂ ಒಂದೆರಡು ಬಾರಿ ತಿರುಗಿಸಿದರೆ ಮೈಗೆ ಮೈ ಉಜ್ಜಿ ಉಳಿದ ಪೊರೆಯೂ ಸರಿಯುತ್ತದೆ. ಕರಾವಳಿಯಲ್ಲಿ ದಸರೆಯ ಆಯುಧಪೂಜೆಗೆ ಮನೆಯ ಯಂತ್ರಗಳನ್ನೆಲ್ಲ ಒರೆಸುವ ದಿನವೇ ಇದಕ್ಕೆ ಅನುಕೂಲ, ಮಳೆಯೂ ಆಗ ಹಿಂದೆ ಸರಿದಿರುತ್ತದೆ. ಒಣ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಮಾಡಿದರೂ ನಡೆದೀತು.

ದೋಷ ಎಲ್ಲಿದೆಯೆಂದು ಹುಡುಕಲು ಹಾಡು ನಿಲ್ಲಿಸಿ, ವಾಲ್ಯೂಮನ್ನು ನಿಧಾನವಾಗಿ ಏರಿಸಿ, ಒಂದೊಂದು ಪ್ಲಗ್ಗನ್ನು ಎಳೆಯದೆ ಮೆಲ್ಲನೆ ಅಲುಗಿಸಿ ಕೇಳಿ. ಸದ್ದು ಬದಲಾದ ಪ್ಲಗ್ಗೇ ತಪ್ಪಿತಸ್ಥ. ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆಯನ್ನು ಇಲ್ಲಿ ನಂಬಬೇಡಿ, ಅದರ ಪ್ರೋಬ್ ತಂತಿಗಳ ರೋಧವೇ ಹಲವು ನೂರು ಮಿಲಿಓಮ್ ಇರಬಹುದು. ಸ್ಪೀಕರ್ ಕೇಬಲ್ಲನ್ನು ಉಪಕರಣಗಳಿಂದ ಬಿಡಿಸಿ, ಪ್ಲಗ್ಗನ್ನು ಬಿಡಿ ಸಾಕೆಟ್ಟೊಂದಕ್ಕೆ ಹಾಕಿ, ಮಿತಿಗೊಳಿಸಿದ 1 ಆಂಪಿಯರ್ ಕರೆಂಟು ಹರಿಸಿ, ಸಂಪರ್ಕದ ಎರಡು ಬದಿಯ ಮಿಲಿವೋಲ್ಟನ್ನು ಅಳೆದರೆ ಆ ಅಂಕಿಯೇ ಮಿಲಿಓಮ್.

ಹೊಸ ಪ್ಲಗ್ಗಿನಿಂದ ನಾದ ಸುಧಾರಿಸಿತೋ ಇಲ್ಲವೋ ತಿಳಿಯಬೇಕಾದರೆ ಹಳೆಯದನ್ನು ಮೊದಲು ಶುಚಿ ಮಾಡಿ, ಆಮೇಲೆ ಮನೆಯವರೊಬ್ಬರಿಗೆ ನಾಣ್ಯ ಚಿಮ್ಮಿ ಬಂದಂತೆ ಎರಡರಲ್ಲೊಂದು ಕೇಬಲ್ಲನ್ನು ಜೋಡಿಸಲು ಹೇಳಿ. ಅವರು ಏನನ್ನೂ ಹೇಳದೆ ಕೋಣೆಯಿಂದ ಹೊರಹೋದ ಮೇಲೆ ನೀವು ಬಂದು ಕೇಳಿ, ಉತ್ತರ ಬರೆದಿಡಿ. ವಾಲ್ಯೂಮಿನ ಗುಂಡಿಯನ್ನು ಮುಟ್ಟಬೇಡಿ. ಹೀಗೆ ಹತ್ತು ಬಾರಿ ಮಾಡಿದಾಗ ಬರಿಯ ಊಹೆಯಿಂದ ಒಂಬತ್ತು ಅಥವಾ ಹೆಚ್ಚು ಸರಿಯುತ್ತರ ಬರುವ ಸಾಧ್ಯತೆ ನೂರಕ್ಕೆ ಒಂದು. ಅಷ್ಟು ಸರಿಯಾಗಿ ಗುರುತಿಸಿದಿರಾದರೆ ಎರಡು ಕೇಬಲ್‌ಗಳಲ್ಲಿ ಒಂದರಲ್ಲಿ ಅಳೆಯಬಹುದಾದ ದೋಷವಿರುವ ಸಂಭವ ಹೆಚ್ಚು. ಅದರ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ, ಕವಚ ಬಿಚ್ಚಿ ಬೆಸುಗೆಯನ್ನು ಪರಿಶೀಲಿಸಿ.